ಎಂಬತ್ತರಿಂದ ನೂರಕ್ಕೆ

ಶೀಘ್ರಲಿಪಿ ಕಲಿಸುವ ಆ ಶಾಲೆಯಲ್ಲಿ ಅವಳನ್ನು ಎಲ್ಲರೂ ಓದುವಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಎಡಗೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅವಳು ಗಟ್ಟಿಯಾಗಿ ಓದುವಳು, ಎದುರಿಗೆ ಕೂತವರು ಅದನ್ನು ಗೆರೆ, ಚುಕ್ಕೆ, ಕೊಂಡಿಗಳಲ್ಲಿ ಬರೆದುಕೊಳ್ಳುವರು. ನಿಮಿಷಕ್ಕೆ ಎಂಬತ್ತು ಪದದಿಂದ ಹೊರಟು ಹತ್ತು ನಿಮಿಷದೊಳಗೆ ನೂರಕ್ಕೆ ಒಯ್ದು ನಿಲ್ಲಿಸುತ್ತಿದ್ದಳು. ವೇಗ ಏರಿದ್ದು ಬರೆಯುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಅವಳೇ ಹೇಳಿದಾಗ "ನೂರಾ?" ಎಂದು ಕಣ್ಣರಳಿಸುತ್ತಿದ್ದರು.

ಶಾಲೆ ಅವಳ ಭಾವನದು. ತನ್ನ ತಮ್ಮ, ಅಂದರೆ ಅವಳ ಗಂಡ, ತೀರಿಕೊಂಡ ವರ್ಷ ಅವನು ಅವಳಿಗೆ ಈ ಕೆಲಸ ಕೊಟ್ಟಿದ್ದ. ಕೊಟ್ಟದ್ದನ್ನು ಒಂದು ದಿನವೂ ಮರೆಯಲು ಬಿಡಲಿಲ್ಲ. ಮೆಟ್ಟಿಲ ಮೇಲೆ ಅವನ ಕೆಮ್ಮು ಕೇಳಿಸಿದರೂ ಸಾಕು, ಅವಳ ಮೈಯೆಲ್ಲ ಉರಿಯುತ್ತಿತ್ತು. ಅವನೆದುರು ಅವಳು ಬಾಯಿ ತೆರೆಯುತ್ತಿದ್ದುದು ಓದಲಿಕ್ಕೆ ಮಾತ್ರ.

ಒಂದು ಮಧ್ಯಾಹ್ನ ಭಾವ ಮೈಕು ತಂದು ಮುಂದಿಟ್ಟ. "ಕ್ಲಾಸ್ ತಪ್ಪಿಸಿಕೊಂಡೋರಿಗೆ ಬೇಕಾಗುತ್ತೆ. ಹತ್ತು ಪಾಠ ಓದಿಬಿಡು, ರೆಕಾರ್ಡ್ ಮಾಡ್ಕೊಳ್ಳೋಣ. ನಿಧಾನಕ್ಕೆ, ಒಂದೇ ಸಮ."

ಓದಿದಳು. ಮುಂದಿನ ಸೋಮವಾರ ತರಗತಿಗೆ ಹೋದರೆ ಅವಳ ಕುರ್ಚಿಯ ಜಾಗದಲ್ಲಿ ಸ್ಪೀಕರ್ ಕೂತಿತ್ತು.

"ನೀನಿನ್ನು ಪಕ್ಕದ ರೂಮಲ್ಲಿ ಪೇಪರ್ ತಿದ್ದಿದ್ರೆ ಸಾಕು," ಎಂದ ಭಾವ.

ಗೋಡೆಯಾಚೆಯಿಂದ ಅವಳದೇ ದನಿ ಬರತೊಡಗಿತು. ಎಂಬತ್ತರಲ್ಲಿ ಹೊರಟಿತು, ಐದನೇ ನಿಮಿಷಕ್ಕೆ ತೊಂಬತ್ತಾಯಿತು. ಕೀರಲಾಗಲಿಲ್ಲ, ಎಲ್ಲೂ ಎಡವಲಿಲ್ಲ. ಅವಳು ವರ್ಷಗಟ್ಟಲೆ ಉಸಿರು ಪಳಗಿಸಿ ಕಲಿತದ್ದನ್ನು ಅದು ಸಲೀಸಾಗಿ ಮಾಡುತ್ತಿತ್ತು. ಕೆಂಪು ಪೆನ್ನು ಒತ್ತಿದ ರಭಸಕ್ಕೆ ಯಾರದೋ ಪೇಪರ್ ತೂತಾಯಿತು.

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಭಾವನ ಮಗಳು. ಊಟದ ಹೊತ್ತಿಗೆ ಓದುವಮ್ಮ ಹೋಗಿ ಅವಳ ಬೆನ್ನ ಹಿಂದೆ ನಿಂತಳು. "ಏನು ಮಾಡಿದ್ದೀಯೇ, ತೋರಿಸು."

"ಈ ಗೆರೆ ಇದೆಯಲ್ಲ ಚಿಕ್ಕಮ್ಮ, ಇದೇ ವೇಗ. ತುದಿ ಹಿಡಿದು ಮೇಲಕ್ಕೆಳೆದ್ರೆ ಅಲ್ಲೀವರೆಗೂ ಚೂರು ಚೂರೇ ಏರುತ್ತೆ."

"ಹೂಂ. ಇಷ್ಟೇ," ಎಂದಳು ಓದುವಮ್ಮ, ಹಲ್ಲು ಕಚ್ಚಿ.

ಎರಡು ವಾರದಲ್ಲಿ ತಪ್ಪುಗಳು ಬರತೊಡಗಿದವು. ಹದಿಮೂರು ಎಂದಿದ್ದ ಕಡೆ ಅರ್ಧ ತರಗತಿ ಹದಿನಾರು ಎಂದು ಬರೆದಿತ್ತು. ಕಾರಣ ಅವಳಿಗೆ ಗೊತ್ತಿತ್ತು. ವೇಗವಾಗಿ ಓದುವಾಗ ಅಂಕಿ ಬಂದರೆ ಅವಳು ಚೂರು ತಡೆದು, ಒತ್ತಿ ಹೇಳುತ್ತಿದ್ದಳು. ನಿಧಾನವಾಗಿ ಓದಿ ಕೊಟ್ಟದ್ದರಲ್ಲಿ ಆ ತಡೆ ಇರಲಿಲ್ಲ. ಯಂತ್ರ ಎಲ್ಲವನ್ನೂ ಒಂದೇ ಸಮನೆ ಹಿಂಡಿತ್ತು.

"ಎಲ್ಲಿ ಇಳಿಸಬೇಕು ಹೇಳಿ ಚಿಕ್ಕಮ್ಮ, ಅಲ್ಲಲ್ಲಿ ಗೆರೆ ಬಗ್ಗಿಸ್ತೀನಿ," ಎಂದಳು ಹುಡುಗಿ.

ನಾಲಿಗೆ ತುದಿಗೆ ಬಂದದ್ದನ್ನು ಓದುವಮ್ಮ ನುಂಗಿಕೊಂಡಳು. "ನಿಮ್ಮಪ್ಪನ್ನ ಕೇಳು."

ಮರುದಿನ ಭಾವ ಅವಳನ್ನು ತರಗತಿಗೆ ಕರೆಸಿ, ಎಲ್ಲರೆದುರೇ ಹೇಳಿದ: "ಇವಳ ಉಚ್ಚಾರಣೆನೇ ಸರಿಯಿಲ್ಲ. ಮತ್ತೆ ಓದಿಸ್ತೀನಿ."

"ಆ ಸ್ಪೀಕರ್ ಹಾಕಿ, ನೀವೇ ಬರ್ಕೊಳ್ಳಿ ಭಾವ," ಎಂದಳು. "ನೂರಾ ನಲವತ್ತರಲ್ಲಿ ಬರೀತಿದ್ದೆ ಅಂತೀರಲ್ಲ. ಇದು ಬರೀ ನೂರು."

ಹಿಂದೆ ಸರಿಯುವಂತಿರಲಿಲ್ಲ. ಅವನು ಕೂತು ಬರೆದ, ಎದ್ದು ಓದಿದ. "ಹದಿನಾರು" ಎಂದಾಗ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವಳು ಪುಸ್ತಕ ಕಿತ್ತುಕೊಂಡು ಅದೇ ಪಾಠವನ್ನು ನೂರರಲ್ಲೇ ಓದಿದಳು. ಬರೆದುಕೊಂಡವರಲ್ಲಿ ಒಬ್ಬರೂ ತಪ್ಪಲಿಲ್ಲ.

ಭಾವನ ಮುಖ ಕಪ್ಪಿಟ್ಟಿತು. "ಬೀದಿಗೆ ಬೀಳ್ತಿದ್ದವಳನ್ನ ತಂದು ಕೂರಿಸಿದ್ದಕ್ಕೆ ಇದಾ?"

"ಅದನ್ನ ಕೇಳಿ ಕೇಳಿ ಸಾಕಾಗಿದೆ. ನನ್ನ ದನಿ ಅಳಿಸಿ, ಹೋಗ್ತೀನಿ."

"ನನ್ನ ಮೈಕಲ್ಲಿ ಓದಿದ್ದು ನನ್ನದು. ನೀನು ನಡಿ."

ನಡೆದಳು. ಈಗ ಎರಡು ಬಸ್ಸು ಬದಲಿಸಿ ಹೋಗಿ, ದರ್ಜಿ ಅಂಗಡಿಯ ಮೇಲಿನ ಇನ್ನೊಂದು ಶಾಲೆಯಲ್ಲಿ ಓದುತ್ತಾಳೆ. ಭಾವನ ಮನೆಯ ಕಡೆ ತಲೆ ಹಾಕಿಲ್ಲ. ಹುಡುಗಿ ಫೋನ್ ಮಾಡಿದರೂ ಎತ್ತುವುದಿಲ್ಲ.

ಹೋದ ತಿಂಗಳು ಭಾವನ ಶಾಲೆ ಬಿಟ್ಟು ಬಂದ ಒಬ್ಬಾಕೆ ಇಲ್ಲಿ ಸೇರಿದಳು. ಓದುವಮ್ಮನ ದನಿ ಕೇಳಿದ್ದೇ ಬೆರಗಾಗಿ, "ಅಯ್ಯೋ, ಅಲ್ಲೂ ನೀವೇ ಓದೋದಲ್ವಾ ಮೇಡಂ? ಈಗ ಅಂಕಿಗಳೆಲ್ಲ ಎಷ್ಟು ಸ್ಪಷ್ಟವಾಗಿ ಕೇಳುತ್ತೆ!" ಎಂದಳು.

ಎಲ್ಲಿ ಗೆರೆ ಬಗ್ಗಿಸಬೇಕೆಂದು ಭಾವನ ಮಗಳು ಯಾರನ್ನೂ ಕೇಳದೆ ತಾನೇ ಕಂಡುಕೊಂಡಿದ್ದಳು. ಓದುವಮ್ಮ ಸ್ಟಾಪ್‌ವಾಚ್ ಕೈಗೆತ್ತಿಕೊಂಡಳು.

"ಅಲ್ಲಿ ಓದೋದು ನಾನಲ್ಲ," ಎಂದಳು ಗಡುಸಾಗಿ. "ಕೂತ್ಕೊ. ಪೆನ್ಸಿಲ್ ತೆಗಿ."