ತೋಂಟದಾರ್ಯನ ಪಟ್ಟು

ದಂಡಿನಶಿವರದ ಕಬಡ್ಡಿ ಪಡೆಗೆ ತೋಂಟದಾರ್ಯನೇ ಕೋಟೆಯ ಬಾಗಿಲಾಗಿದ್ದ. ಎದುರಾಳಿಯ ಕಣಕಾಲು ಕೈಗೆ ಸಿಕ್ಕಿತೆಂದರೆ, ಉಡ ಬಿಟ್ಟರೂ ಇವನು ಬಿಡನೆಂದು ತುರುವೇಕೆರೆಯವರೆಗೂ ಮಾತಿತ್ತು. ಈಗಲೂ ಆತ ಮಾತನಾಡುವಾಗ ಎದುರಿನವರ ಮುಖವನ್ನಲ್ಲ, ಪಾದಗಳನ್ನು ನೋಡುತ್ತಾನೆ. ಕಾಯಿ ಸುಲಿಯಲು ಬಂದವನಿಗೂ, "ಎಡಗಾಲ್ ಮುಂದಿಕ್ಬ್ಯಾಡ ಕಣ್ಲಾ, ಸಿಕ್ಕಾಕ್ಕೋತೀಯ" ಎಂದು ಎಚ್ಚರಿಸುತ್ತಾನೆ. ಗೆದ್ದ ಬೆಳ್ಳಿಬಣ್ಣದ ಕಪ್ಪಿನಲ್ಲಿ ವಿಭೂತಿ ತುಂಬಿಟ್ಟಿದ್ದಾನೆ. ಸಂಜೆಯ ಶಿವಪೂಜೆ ಮುಗಿದೊಡನೆ ಅವನು ತಪ್ಪದೆ ಹೋಗುವುದು ಒಂದು ಕಾಲದಲ್ಲಿ ಮೆಕ್ಯಾನಿಕ್ ಆಗಿದ್ದ ಜಾವೀದನ ಮನೆಗೆ. ತೊಂಬತ್ತಾರನೇ ಇಸವಿಯಲ್ಲಿ ಆಡಿದ ಕೊನೆಯ ಪಂದ್ಯದಲ್ಲಿ ಇವನ ಹಿಡಿತದಲ್ಲೇ ಉರುಳಿ ಬೆನ್ನು ಮುರಿದುಕೊಂಡ ಜಾವೀದ ಅಂದಿನಿಂದ ಹಾಸಿಗೆ ಬಿಟ್ಟೆದ್ದಿಲ್ಲ. ಆ ಒಣಗಿದ ಕಾಲುಗಳಿಗೆ ತೋಂಟದಾರ್ಯ ಕೊಬ್ಬರಿ ಎಣ್ಣೆ ತಿಕ್ಕುತ್ತಾನೆ. ತಿಕ್ಕಿ ಮುಗಿದ ಮೇಲೂ ಕಣಕಾಲುಗಳನ್ನು ಹಿಡಿದೇ ಕುಳಿತಿರುತ್ತಾನೆ. "ಬುಡ್ಲಾ ತೋಂಟ," ಎನ್ನುತ್ತಾನೆ ಜಾವೀದ, "ನಾನಿನ್ನೆಲ್ಲಿಗೆ ಓಡೋಗ್ತೀನಿ?"