ಮೂರು ಪೆಟ್ಟಿಗೆಗಳ ನಡುವೆ ಡೋರಿಸ್

ಬೆಳಗಿನ ಏಳು ಗಂಟೆ. ಮೆಲ್ಬರ್ನಿನಲ್ಲಿ ಜುಲೈ ಎಂದರೆ ಚಳಿಗಾಲ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫುಟ್ಸ್‌ಕ್ರೇ ರೈಲು ನಿಲ್ದಾಣದ ಹಿಂದಿರುವ ಹಳೇ ಉಣ್ಣೆ ಗೋದಾಮಿನ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪವಿದೆ. ಒಳಗೆ ಡೋರಿಸ್ ಗ್ರೆಕ್ ಕೋಟು ಕೂಡ ಬಿಚ್ಚದೆ, ಮೇಜಿನ ಮೇಲೆ ಸಾಲಾಗಿ ಕೂತ ಮೂರು ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಿದ್ದಾರೆ. ಮೂರು ಪರದೆಗಳ ಮೇಲೂ ಒಂದೇ ವೊಂಬ್ಯಾಟ್, ಕರಡಿಮರಿಯಂಥ ಇಲ್ಲಿಯ ಗಿಡ್ಡ ಪ್ರಾಣಿ, ಪ್ರತ್ಯಕ್ಷವಾಗುತ್ತದೆ. ಬೆನ್ನಿಗೆ ಅಂಚೆ ಚೀಲ ಕಟ್ಟಿಕೊಂಡು, ಮಳೆಯಲ್ಲಿ ನೆನೆಯುತ್ತ, ಮುಂದೇನು ಎಂಬಂತೆ ಕಣ್ಣು ಪಿಳುಕಿಸುತ್ತದೆ.

"ಏಳ್ರಪ್ಪ, ಹೊತ್ತಾಯ್ತು," ಎನ್ನುತ್ತಾರೆ ಡೋರಿಸ್. ಹೇಳಿದ್ದು ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು ಕೂತ ನನಗಲ್ಲ, ಪೆಟ್ಟಿಗೆಗಳಿಗೆ.

ಬಿಲ ತೋಡಿಕೊಂಡು ಊರೂರಿಗೆ ಟಪಾಲು ಹಂಚುವ ಈ ವೊಂಬ್ಯಾಟಿನ ಆಟಕ್ಕೆ 'ಬಿಲದ ಅಂಚೆ' ಎಂದು ಹೆಸರು. ಏಳು ಜನರ ಒಂದು ಪುಟ್ಟ ಸಂಸ್ಥೆ ಮೂರು ವರ್ಷ ಕೂತು ಕಟ್ಟಿದ್ದು. ಕಥೆ ಬರೆದವನ ಸಂದರ್ಶನ ಪತ್ರಿಕೆಯಲ್ಲಿ ಬಂದಿದೆ. ಚಿತ್ರ ಬರೆದವಳಿಗೆ ಬಹುಮಾನ ಸಿಕ್ಕಿದೆ. ಸಂಗೀತ ಮಾಡಿದವನನ್ನು ರೇಡಿಯೊದವರು ಕರೆಸಿ ಮಾತಾಡಿಸಿದ್ದಾರೆ. ಡೋರಿಸ್‌ರನ್ನು ಯಾರೂ ಕರೆದಿಲ್ಲ. ಅವರ ಕೆಲಸ ಒಂದು ಪೆಟ್ಟಿಗೆಗೆಂದು ಬರೆದ ಆಟವನ್ನು ಉಳಿದ ಪೆಟ್ಟಿಗೆಗಳಲ್ಲೂ ಓಡುವ ಹಾಗೆ ಮಾಡುವುದು. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟರೆ ಊರೆಲ್ಲ ಡಂಗುರ.

ಇವತ್ತು ಅವರು ಇಷ್ಟು ಬೇಗ ಬಂದಿರುವುದಕ್ಕೆ ಕಾರಣವಿದೆ. ಪೆಟ್ಟಿಗೆ ತಯಾರಿಸುವ ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ. ಪಾಸಾಗದೆ ಅವರ ಆನ್‌ಲೈನ್ ಅಂಗಡಿಗೆ ಆಟ ಇಳಿಸುವ ಹಾಗಿಲ್ಲ. ಮೂರರಲ್ಲಿ ಎರಡು ಕಡೆ 'ಬಿಲದ ಅಂಚೆ' ಪಾಸಾಗಿದೆ. ಮೂರನೆಯ ಕಂಪನಿಯ ಪರೀಕ್ಷಕರು ಸಾಗರದಾಚೆ ಇದ್ದಾರೆ, ನಾವು ನಿದ್ದೆ ಮಾಡುವಾಗ ಅವರು ಕೆಲಸ ಮಾಡುತ್ತಾರೆ, ಅವರ ಉತ್ತರ ಬರುವುದು ಇಲ್ಲಿಯ ಬೆಳಗಿಗೆ. ಹೋದ ಸಲ ಫೇಲ್ ಮಾಡಿದ್ದರು. ಈ ಸಲವೂ ಫೇಲಾದರೆ ಆ ಪೆಟ್ಟಿಗೆಗೆ ಆಟವೇ ಇಲ್ಲ, ಡೋರಿಸ್ ಅವರ ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಈ ಕಚೇರಿಯಲ್ಲಿ ಯಾರೂ ಪೆಟ್ಟಿಗೆಗಳನ್ನು ಕಂಪನಿಯ ಹೆಸರಿನಿಂದ ಕರೆಯುವುದಿಲ್ಲ. ಡೋರಿಸ್ ಇಟ್ಟ ಹೆಸರುಗಳೇ ಚಾಲ್ತಿಯಲ್ಲಿವೆ: ದೊಡ್ಡಣ್ಣ, ನಡುವಿನವ, ಪುಟ್ಟ. ಮೊದಲಿಬ್ಬರು ಗಟ್ಟಿ ಆಸಾಮಿಗಳು. ಎಷ್ಟು ಮರ, ಎಷ್ಟು ಮಳೆ, ಎಷ್ಟು ಮೋಡ ಹೇರಿದರೂ ಎಳೆಯುತ್ತಾರೆ. ಉತ್ತರ ಬರಬೇಕಿರುವುದು ಪುಟ್ಟನಿಗೆ. ಅವನು ಹಳಬ, ಅಗ್ಗದವ, ಶಕ್ತಿ ಕಮ್ಮಿ. ಸ್ವಲ್ಪ ಹೆಚ್ಚು ಕೆಲಸ ಕೊಟ್ಟರೆ ಬಿಸಿಯಾಗಿ ಏದುಸಿರು ಬಿಡುತ್ತಾನೆ. ಆದರೆ ಮೆಲ್ಬರ್ನಿನ ಈ ಪಶ್ಚಿಮದ ಬಡಾವಣೆಗಳಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ಕೆಳಗೆ ಇರುವವನು ಅವನೇ.

"ಮೂರೂ ಜನ ಒಬ್ಬರ ಮುಖ ಒಬ್ಬರು ನೋಡಲ್ಲ," ಎಂದು ಡೋರಿಸ್ ದೂರುತ್ತಾರೆ. "ಒಬ್ಬ ಗುಂಡೀನ ಮೇಲಿಟ್ರೆ ಇನ್ನೊಬ್ಬ ಬೇಕೂಂತ ಕೆಳಗಿಡ್ತಾನೆ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬರಲ್ಲ. ಅವರ ಜಗಳಕ್ಕೆ ನಾನು ದುಭಾಷಿ. ಸಂಬಳ ಬರುತ್ತಲ್ಲ, ಕಿತ್ತಾಡ್ಲಿ ಬಿಡು ಚಿನ್ನ."

ಅವರು ಎಲ್ಲರನ್ನೂ ಚಿನ್ನ ಎನ್ನುತ್ತಾರೆ. ಪೋಸ್ಟ್‌ಮನ್ನನಿಗೂ ಅದೇ, ಪ್ರಧಾನಿ ಬಂದರೂ ಅದೇ ಇರಬಹುದು.

ಎಂಟಕ್ಕೆ ಮುಂಚೆಯೇ ಥುಯ್ ಬರುತ್ತಾಳೆ. ಆಟದ ಚಿತ್ರವೆಲ್ಲ ಅವಳ ಕೈಯದು, ಬಹುಮಾನ ಬಂದದ್ದು ಅವಳಿಗೇ. ಕೈಯಲ್ಲಿ ಬಾನ್ ಮೀ ಎಂಬ ವಿಯೆಟ್ನಾಮಿ ಸ್ಯಾಂಡ್‌ವಿಚ್ಚಿನ ಪೊಟ್ಟಣ, ಮುಖದಲ್ಲಿ ನಿದ್ದೆ. ಡೋರಿಸ್ ಮನೆಯಿಂದ ತಂದ ಬಟಾಣಿ ತುಂಬಿದ ಪಸ್ತಿಜ್ಜಿ ಎಂಬ ಪಫ್‌ಗಳ ಡಬ್ಬಿ ತೆರೆದಿಡುತ್ತಾರೆ. ಮಾಲ್ಟಾದಿಂದ ಹಡಗಿನಲ್ಲಿ ಬಂದ ಅಮ್ಮ ಕಲಿಸಿದ ತಿಂಡಿಯಂತೆ ಅದು. ಇಬ್ಬರೂ ಅದಲುಬದಲು ಮಾಡಿಕೊಂಡು ತಿನ್ನುತ್ತ ಜಗಳ ಶುರು ಮಾಡುತ್ತಾರೆ. ಜಗಳದ ವಿಷಯ ಹುಲ್ಲು.

ಥುಯ್ ಬರೆದ ಬಯಲಿನಲ್ಲಿ ಪ್ರತಿ ಹುಲ್ಲಿನ ಎಸಳೂ ಗಾಳಿಗೆ ಬೇರೆ ಬೇರೆಯಾಗಿ ತೂಗುತ್ತದೆ. ದೊಡ್ಡಣ್ಣನ ಪರದೆಯಲ್ಲಿ ಅದನ್ನು ನೋಡಿದರೆ ಚಪ್ಪಲಿ ಬಿಚ್ಚಿ ನಡೆಯಬೇಕು ಅನ್ನಿಸುತ್ತದೆ. ಅದೇ ಬಯಲನ್ನು ಪುಟ್ಟನಿಗೆ ಕೊಟ್ಟಾಗ ವೊಂಬ್ಯಾಟ್ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ನಿಂತುಬಿಟ್ಟಿತ್ತು. ಮದುವೆಮನೆಯ ಅಡುಗೆಯನ್ನು ಒಂದೇ ಸೀಮೆಎಣ್ಣೆ ಸ್ಟೌವಿನಲ್ಲಿ ಮಾಡು ಎಂದರೆ ಹೇಗೋ ಹಾಗೆ. ಡೋರಿಸ್ ಹುಲ್ಲು ಕೊಯ್ಯತೊಡಗಿದರು. ಆಟಗಾರನ ಕಣ್ಣು ಎಲ್ಲಿ ಹೋಗುವುದಿಲ್ಲವೋ ಅಲ್ಲಿ ಕೊಯ್ದರು. ದೂರದ ಗುಡ್ಡದಲ್ಲಿ ಹುಲ್ಲಿನ ಬದಲು ಹಸಿರು ಬಣ್ಣ ಬಳಿದರು. ಹತ್ತಿರದ್ದನ್ನು ಮುಟ್ಟಲಿಲ್ಲ.

"ಮುಟ್ಟಿಲ್ವಂತೆ. ಆ ಸೇತುವೆ ಪಕ್ಕ ಬೋಳಾಗಿತ್ತು, ಬೋಳು," ಎಂದು ಥುಯ್ ನನಗೆ ಸಾಕ್ಷಿ ಹೇಳುತ್ತಾಳೆ. "ನನ್ನ ತಲೆ ಬೋಳಿಸಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ."

"ನಿನ್ನ ತಲೆ ಗಾಳಿಗೆ ತೂಗಲ್ಲ ಕಣೇ, ಅದಕ್ಕೇ ಬಿಟ್ಟಿದ್ದೀನಿ," ಎನ್ನುತ್ತಾರೆ ಡೋರಿಸ್. ಆಮೇಲೆ ನನ್ನ ಕಡೆ ತಿರುಗಿ, "ಸೇತುವೆ ಹತ್ರ ವಾಪಸ್ ನೆಟ್ಟೆ. ಅವಳ ಕೈಲಿ ಬೈಸಿಕೊಂಡ ಮೇಲೆ ನೋಡ್ದೆ, ಅವಳು ಹೇಳಿದ್ದು ಸರಿ ಇತ್ತು," ಎಂದು ಒಪ್ಪಿಕೊಳ್ಳುತ್ತಾರೆ.

ಡೋರಿಸ್ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವರಲ್ಲ. ಸನ್‌ಶೈನ್ ಬಡಾವಣೆಯ ರೇಡಿಯೊ ಕಾರ್ಖಾನೆಯಲ್ಲಿ ತಂತಿ ಬೆಸೆಯುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಆಟ ಮಾಡುವ ಕಂಪನಿಯೊಂದು ಆಟ ಆಡಿ ತಪ್ಪು ಹುಡುಕುವ ಕೆಲಸಕ್ಕೆ ಜನ ಬೇಕು ಎಂದಿತು. ಆಡಿದ್ದಕ್ಕೆ ಸಂಬಳವೇ ಎಂದು ಅವರ ಅಪ್ಪ ನಂಬಲಿಲ್ಲ, ಇದರಲ್ಲಿ ಏನೋ ಮೋಸವಿದೆ ಎಂದು ಮೊದಲ ದಿನ ಜೊತೆಗೇ ಬಂದು ಬಾಗಿಲ ತನಕ ಬಿಟ್ಟು ಹೋದರಂತೆ. ತಪ್ಪು ಹುಡುಕುತ್ತ ಹುಡುಕುತ್ತ, ತಿದ್ದುವುದು ಹೇಗೆಂದು ಪಕ್ಕದವರನ್ನು ಪೀಡಿಸಿ ಕಲಿತರು.

ಅಲ್ಲಿ ಅವರು ದುಡಿದ ಮೊದಲ ದೊಡ್ಡ ಆಟ ಕಡಲತೀರದ ದೀಪಸ್ತಂಭ ಕಾಯುವವಳೊಬ್ಬಳ ಕಥೆ. ಆಗ ಪೇಟೆಗೆ ಹೊಸದಾಗಿ ಬಂದಿದ್ದ ಒಂದು ಪೆಟ್ಟಿಗೆಗೆಂದೇ ಬರೆದದ್ದು. ಆ ಪೆಟ್ಟಿಗೆ ಪೈಪೋಟಿಯಲ್ಲಿ ಸೋತಿತು. ತಯಾರಕರು ಒಂದು ಬೆಳಿಗ್ಗೆ ಅಂಗಡಿ ಮುಚ್ಚಿದರು.

"ನಮ್ಮ ಆಟ ಮುಗಿದಿತ್ತು. ಕೇಕ್ ತರಿಸಿದ್ವಿ. ಕೇಕ್ ಬಂತು, ಹಿಂದೇನೇ ಸುದ್ದೀನೂ ಬಂತು," ಎನ್ನುತ್ತಾರೆ ಡೋರಿಸ್. "ಏನ್ ಮಾಡೋದು, ಕೇಕ್ ತಿಂದ್ವಿ, ಮನೆಗೆ ಹೋದ್ವಿ. ಕೆಟ್ಟ ಆಟ ಅಂತ ಜನ ಬೈದಿದ್ರೂ ತಡ್ಕೋತಿದ್ದೆ. ಬೈಯೋಕೆ ಒಬ್ಬರೂ ಆಡ್ಲೇ ಇಲ್ವಲ್ಲ."

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎಂಬ ನಮ್ಮ ಗಾದೆಯನ್ನು ಅವರಿಗೆ ಹೇಳಿದೆ. "ಗಿಡಕ್ಕೂ ಸ್ವಲ್ಪ ಬುದ್ಧಿ ಬೇಕು, ಕೋಣದ ಕಾಲಡಿಯಲ್ಲೇ ಯಾಕೆ ಬೆಳೀಬೇಕು," ಎಂದರು. ಕೇಕಿನ ಆ ದಿನದಿಂದ ಒಂದೇ ಪೆಟ್ಟಿಗೆ ನಂಬಿದ ಆಟ ಎಂದರೆ ಅವರಿಗೆ ಆಗದು. ಈ ಸಲ ಅದೇ ಮಾತು ಮತ್ತೆ ಬಂದಿದೆ. ದೊಡ್ಡಣ್ಣನ ಕಂಪನಿಯವರು 'ಬಿಲದ ಅಂಚೆ'ಯನ್ನು ನೋಡಿ ಮೆಚ್ಚಿ, ಒಂದು ವರ್ಷ ನಮ್ಮಲ್ಲಿ ಮಾತ್ರ ಇರಲಿ, ಅಂಗಡಿಯ ಮುಂಬಾಗಿಲಲ್ಲೇ ಕೂರಿಸುತ್ತೇವೆ, ನಿಮ್ಮ ಖರ್ಚು ನಮಗಿರಲಿ ಎಂದು ಕೇಳಿದ್ದಾರೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ವ್ಯಾಪಾರ ಎಂದರೆ ಅದೇ. ಸಂಸ್ಥೆಯ ಯಜಮಾನ ಡೆಕ್ಲನ್ ಹೋರ್ ಶುಕ್ರವಾರದ ತನಕ ಸಮಯ ಕೇಳಿದ್ದಾನೆ. ಪುಟ್ಟ ಪಾಸಾದರೆ ಮೂವರಿಗೂ ಆಟ, ಇಲ್ಲದಿದ್ದರೆ ದೊಡ್ಡಣ್ಣನ ಜೊತೆ ಸಹಿ. ಇವತ್ತು ಶುಕ್ರವಾರ.

ಡೆಕ್ಲನ್ ತನ್ನ ಮೆಚ್ಚಿನ ಫುಟ್‌ಬಾಲ್ ತಂಡದ ಮಫ್ಲರ್ ಸುತ್ತಿಕೊಂಡು ಎಂಟಕ್ಕೆ ಬಂದವನೇ, "ಬಂತಾ?" ಎನ್ನುತ್ತಾನೆ. ಬಂದಿಲ್ಲ. ಕುರ್ಚಿಯಲ್ಲಿ ಕೂರದೆ ಅತ್ತಿಂದಿತ್ತ ಓಡಾಡುತ್ತಾನೆ. "ನನಗೂ ಆಸೆ ಇದೆ ಗುರು. ಆದ್ರೆ ಏಳು ಮನೆ ಒಲೆ ಉರೀಬೇಕಲ್ಲ. ಆಟ ಓಡ್ಲಿಲ್ಲ ಅಂದ್ರೆ ಇವರಿಗೆಲ್ಲ ಏನಂತ ಹೇಳ್ಲಿ?" ಎಂದು ನನ್ನನ್ನೇ ಕೇಳುತ್ತಾನೆ. ಪಾಪ, ಅವನ ಕಷ್ಟವೂ ಸುಳ್ಳಲ್ಲ.

ಹೋದ ಸಲ ಫೇಲಾದದ್ದು ಹುಲ್ಲಿನಿಂದಲ್ಲ, ಡೋರಿಸ್ ಅವರದೇ ಒಂದು ಯಡವಟ್ಟಿನಿಂದ. ಕೈಯಲ್ಲಿ ಹಿಡಿದು ಆಡುವ ದೊಡ್ಡಣ್ಣನ ಕಂಟ್ರೋಲರ್‌ನಲ್ಲಿ 'ಹೌದು' ಎನ್ನುವ ಗುಂಡಿ ಕೆಳಗಿದೆ, 'ಬೇಡ' ಎನ್ನುವುದು ಬಲಗಡೆ. ಪುಟ್ಟನದರಲ್ಲಿ ಪೂರ್ತಿ ಉಲ್ಟಾ. ಆದ್ದರಿಂದ ಪುಟ್ಟನಿಗೆ ಆಟ ಒಗ್ಗಿಸುವಾಗ ಪ್ರತಿ ಪರದೆಯಲ್ಲೂ ಗುಂಡಿಗಳನ್ನು ಅದಲುಬದಲು ಮಾಡಬೇಕು. ಒಂದೇ ಒಂದು ಪರದೆಯಲ್ಲಿ ಮಾಡುವುದು ಬಿಟ್ಟುಹೋಗಿತ್ತು. ಅದೂ ಎಂಥ ಪರದೆ ಅಂತೀರಿ, 'ಇಲ್ಲಿಯವರೆಗಿನ ಆಟವನ್ನೆಲ್ಲ ಅಳಿಸಲೇ?' ಎಂದು ಕೇಳುವ ಪರದೆ. ಡೋರಿಸ್ ಅದನ್ನು ಪರೀಕ್ಷಿಸಿದ್ದರು. ಆದರೆ ಆ ದಿನ ಪುಟ್ಟನ ಕಂಟ್ರೋಲರ್‌ನಲ್ಲಿ ಚಾರ್ಜ್ ಇರಲಿಲ್ಲ. ಕೈಗೆ ಸಿಕ್ಕ ದೊಡ್ಡಣ್ಣನ ಕಂಟ್ರೋಲರ್ ಅನ್ನೇ ಪುಟ್ಟನಿಗೆ ಜೋಡಿಸಿ ಒತ್ತಿದ್ದರು. ಇಂಥ ಕಚೇರಿಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಉಲ್ಟಾ ಪರದೆಗೆ ಉಲ್ಟಾ ಕಂಟ್ರೋಲರ್ ಸೇರಿ ಎಲ್ಲ ನೆಟ್ಟಗೆ ಕಂಡಿತು. ಸಾಗರದಾಚೆಯ ಪರೀಕ್ಷಕ ಪುಟ್ಟನದೇ ಕಂಟ್ರೋಲರ್ ಹಿಡಿದು 'ಬೇಡ' ಎಂದು ಒತ್ತಿದ. ಅವನ ವೊಂಬ್ಯಾಟ್ ಅರ್ಧ ದೇಶಕ್ಕೆ ಹಂಚಿದ್ದ ಟಪಾಲೆಲ್ಲ ಮಾಯ.

"ಪಕ್ಕದ್ಮನೆ ಬೀಗದ ಕೈ ಹಾಕಿ ನಮ್ಮನೆ ಬಾಗಿಲು ತೆಗೆದು, ಆಹಾ ಬೀಗ ಚೆನ್ನಾಗಿದೆ ಅಂದ್ಕೊಂಡೆ," ಎಂದು ಡೋರಿಸ್ ತಮ್ಮನ್ನೇ ಹಂಗಿಸಿಕೊಳ್ಳುತ್ತಾರೆ. "ಇಷ್ಟು ವರ್ಷದ ಅನುಭವ ಅಂತೆ, ಮಣ್ಣಂಗಟ್ಟಿ."

ಮಾರನೆಯ ದಿನವೇ ಅವರು ಮನೆಯಿಂದ ದಪ್ಪ ಉಲ್ಲನ್ ದಾರ ತಂದು ಮೂರು ಕಂಟ್ರೋಲರ್‌ಗಳನ್ನೂ ಅವುಗಳ ಪೆಟ್ಟಿಗೆಗೇ ಕಟ್ಟಿಹಾಕಿದ್ದಾರೆ. ಹಸು ಕಟ್ಟಿದ ಹಾಗಿದೆ ಎಂದು ಥುಯ್ ನಗುತ್ತಾಳೆ. ನಗಲಿ, ಬಿಚ್ಚುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಆಮೇಲೆ ಆಟದ ಒಂದೊಂದು ಪರದೆಯನ್ನೂ ಮೊದಲಿನಿಂದ ನೋಡಿ, ತಿದ್ದಿ, ಮತ್ತೆ ಕಳಿಸಿದ್ದಾರೆ.

ಕಂಪ್ಯೂಟರ್ ಟಿಣ್ ಎನ್ನುತ್ತದೆ. ಡೋರಿಸ್ ಪರದೆ ನೋಡುವುದಿಲ್ಲ. ಖಾಲಿ ಲೋಟ ಎತ್ತಿಕೊಂಡು ತೊಳೆಯಲು ಹೊರಡುತ್ತಾರೆ.

"ಡೋರಿಸ್, ಎಲ್ಲಿಗೆ? ಬಂದಿದೆ, ನೋಡು," ಎನ್ನುತ್ತಾನೆ ಡೆಕ್ಲನ್.

"ನೀವೇ ನೋಡ್ರಪ್ಪ. ನಾನು ಲೋಟ ತೊಳ್ಕೊಂಡು ಬರ್ತೀನಿ."

ಥುಯ್ ಬಗ್ಗಿ ಓದುತ್ತಾಳೆ. ತುಟಿ ಮಾತ್ರ ಅಲ್ಲಾಡುತ್ತದೆ. ಡೆಕ್ಲನ್ ಮಫ್ಲರಿನ ತುದಿ ಬಾಯಿಗಿಟ್ಟುಕೊಂಡಿದ್ದಾನೆ. ಅವಳು ಕೊನೆಯ ಸಾಲಿನ ತನಕ ಓದಿ, ಮತ್ತೆ ಮೇಲಿನಿಂದ ಓದಿ, "ಪಾಸು," ಎನ್ನುತ್ತಾಳೆ. "ಒಂದೂ ತಪ್ಪಿಲ್ವಂತೆ."

ಡೆಕ್ಲನ್ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾನೆ. ಥುಯ್ ಓಡಿಹೋಗಿ, ಲೋಟ ಹಿಡಿದು ನಿಂತ ಡೋರಿಸ್‌ರನ್ನು ಲೋಟದ ಸಮೇತ ತಬ್ಬಿಕೊಳ್ಳುತ್ತಾಳೆ. ಅರವತ್ತರ ಹತ್ತಿರದ ಆ ಹೆಂಗಸು ಅವಳ ಭುಜಕ್ಕೆ ಮುಖ ಒತ್ತಿಕೊಂಡು ಸ್ವಲ್ಪ ಹೊತ್ತು ಏಳುವುದೇ ಇಲ್ಲ. ಎದ್ದಾಗ ಕಣ್ಣು ಕೆಂಪಗಿದೆ. "ಅತ್ಲು ಅಂತ ಬರ್ಕೋ ಚಿನ್ನ, ಸುಳ್ಳೇನಲ್ಲ," ಎಂದು ನನಗೆ ಹೇಳಿ ಮೂಗು ಒರೆಸಿಕೊಳ್ಳುತ್ತಾರೆ. ಬರೆದುಕೊಂಡಿದ್ದೇನೆ.

ಈಗ ಡೆಕ್ಲನ್ ದೊಡ್ಡಣ್ಣನ ಕಂಪನಿಗೆ ಉತ್ತರ ಬರೆಯಬೇಕು. ಬರೆಯುತ್ತಾನೆ, ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ. ಡೋರಿಸ್ ಹಿಂದೆ ನಿಂತು ಓದುತ್ತಾರೆ.

"ಲೋ, ಮದುವೆ ಮಾತುಕತೆ ಮುರಿಯೋ ಹಾಗೆ ಬರೀತಿದ್ದೀಯಲ್ಲೋ. 'ಕೇಳಿದ್ದಕ್ಕೆ ಥ್ಯಾಂಕ್ಸ್, ನಾವು ಎಲ್ಲರ ಮನೆಗೂ ಬರ್ತೀವಿ, ನಿಮ್ಮನೆಗೂ ಬರ್ತೀವಿ' ಅಂತ ಬರಿ. ಸಾಕು."

"ಆಮೇಲೆ ಅವರು ನಮ್ಮನ್ನ ಅಂಗಡಿ ಹಿಂದುಗಡೆ ಮೂಲೇಲಿ ಇಟ್ರೆ?"

"ಇಡ್ಲಿ. ನಮ್ಮದು ವೊಂಬ್ಯಾಟ್ ಕಣಪ್ಪ, ತೋಡ್ಕೊಂಡು ಬರುತ್ತೆ."

ಡೆಕ್ಲನ್ ನಕ್ಕು, ಅವರು ಹೇಳಿದ ಹಾಗೆಯೇ ಬರೆದು ಕಳಿಸುತ್ತಾನೆ. ಕಳಿಸಿದ ಮೇಲೆ ಅವನ ಮುಖದಲ್ಲಿ ಭಯವೂ ಇದೆ, ನಿರಾಳವೂ ಇದೆ. ಆಟ ಓಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷ ನಡುವಿನವನ ಹೊಸ ಮಾದರಿ ಪೇಟೆಗೆ ಬರುತ್ತದಂತೆ. ಆಗ ಎಲ್ಲವನ್ನೂ ಇನ್ನೊಮ್ಮೆ ಒಗ್ಗಿಸಬೇಕು. ಆ ಮಾತು ಎತ್ತಿದರೆ ಡೋರಿಸ್, "ಆ ಕೂಸೂ ಹುಟ್ಲಿ, ತೊಟ್ಟಿಲು ಕಟ್ಟೋದು ಗೊತ್ತು," ಎನ್ನುತ್ತಾರೆ.

ಹೊರಡುವ ಮುಂಚೆ, ಇಷ್ಟೆಲ್ಲ ಒದ್ದಾಡಿದ್ದೀರಲ್ಲ, ಈಗ ನಿಮಗೇನು ಬೇಕು ಎಂದು ಕೇಳಿದೆ. ಸಭೆ, ಸನ್ಮಾನ, ಪತ್ರಿಕೆಯಲ್ಲಿ ಫೋಟೊ, ಯಾವುದನ್ನಾದರೂ ಹೇಳಬಹುದು ಎಂದುಕೊಂಡಿದ್ದೆ. ಅವರು ಕಿಟಕಿಯಾಚೆ ತಮ್ಮ ಮನೆಯ ಕಡೆ ಹೋಗುವ ರೈಲು ಹಳಿಗಳತ್ತ ಕೈ ತೋರಿಸಿದರು.

"ನೋಡು ಚಿನ್ನ, ಸೇಂಟ್ ಆಲ್ಬನ್ಸ್‌ನಲ್ಲಿ ನಮ್ಮನೆ ಎಡಗಡೆ ಒಬ್ಬಳು ಹುಡುಗಿ, ಬಲಗಡೆ ಒಬ್ಬಳು. ಒಬ್ಬಳ ಮನೇಲಿ ದೊಡ್ಡಣ್ಣ, ಇನ್ನೊಬ್ಬಳ ಮನೇಲಿ ಪುಟ್ಟ. ಶಾಲೆಗೆ ಒಟ್ಟಿಗೆ ಹೋಗ್ತಾರೆ. 'ಅಯ್ಯೋ, ಆ ಆಟ ನಿನ್ನದ್ರಲ್ಲಿ ಇಲ್ವಾ' ಅಂತ ಅವಳು ಕೇಳೋದು, ಇವಳು ಸುಮ್ನಾಗೋದು, ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕ್ತಾ ಎಷ್ಟು ಸಲ ಕೇಳಿಸ್ಕೊಂಡಿದ್ದೀನಿ. ಈ ಸಲ ಇಬ್ಬರೂ ಬೇಲಿ ಹತ್ರ ನಿಂತು, ನಾನು ಆ ಊರು ದಾಟ್ದೆ, ನೀನಿನ್ನೂ ಅಲ್ಲೇ ಇದ್ದೀಯ ಅಂತ ಕಿತ್ತಾಡ್ಬೇಕು. ಸೋತವಳು ಅತ್ಕೊಂಡು ಒಳಗೆ ಹೋದ್ರೂ ಪರವಾಗಿಲ್ಲ. ಆಡಿ ಸೋಲ್ಲಿ."