ಪಾಂಡುವಿನ ಅಂಗೈಯಲ್ಲಿ ನಿಂತ ಎಲೆ

ಇಲ್ಲ... ನಂಬಲು ಆಗುತ್ತಿಲ್ಲ.
ಸುದ್ದಿ ಹೇಳಿದವನಿಗೆ ಸುಳ್ಳು ಎಂದು ಬಯ್ದು ಫೋನ್ ಇಟ್ಟೆ.
ಆಮೇಲೆ ಪಾಂಡುವಿನ ನಂಬರಿಗೆ ನಾನೇ ಮಾಡಿದೆ... ಎತ್ತಿದ್ದು ಅವನ ತಮ್ಮ.
"ಹೌದು ರಾಜಣ್ಣ... ಬೆಳಿಗ್ಗೆ ಬೈತಖೋಲ ಬಂದರದಲ್ಲೇ ಎದೆನೋವು ಅಂದ. ಆಸ್ಪತ್ರೆ ಮುಟ್ಟೂಕೆ ಮುಂಚೇನೇ..."

ಗೆಳೆಯರೇ,
ಪಾಂಡುರಂಗ ಟ್ರಾಲರ್‌ನಲ್ಲಿ ಬಲೆ ಎಳೆಯುತ್ತಿದ್ದವನು.
ಇಸ್ಪೀಟೆಲೆಯ ಮ್ಯಾಜಿಕ್‌ನಲ್ಲಿ ಅವನನ್ನು ಮೀರಿಸುವವರನ್ನು ನಾನಂತೂ ಕಂಡಿಲ್ಲ.
ಅಳುತ್ತಲೇ ಬರೆಯುತ್ತಿದ್ದೇನೆ... ಆದರೂ ಎದೆಯುಬ್ಬಿಸಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಬೋಟುಗಳಿಗೆ ಮಳೆಗಾಲದ ರಜೆ.
ಇಬ್ಬರೂ ಕೈಚಳಕ ಕಲಿಯಲು ಅಂಕೋಲೆಯ ಮಾಸ್ತರರ ಮನೆಗೆ ಹೋದೆವು.
ಆಫೀಸಿನಲ್ಲಿ ಪೆನ್ನು ಹಿಡಿಯುವ ನನ್ನ ಕೈ ನೋಡಿ "ಅಡ್ಡಿಲ್ಲ" ಎಂದರು.
ಪಾಂಡುವಿನದು ಹಗ್ಗ ಎಳೆದು ದಡ್ಡುಗಟ್ಟಿದ ಅಂಗೈ.
"ತಮಾ, ಈ ಕೈಯಾಗೆ ಎಲೆ ನಿಲ್ಲೂದಿಲ್ಲ. ಸುಮ್ನೆ ಯಾಕೆ ದಣೀತೆ?"

ಹಾಗಾಗಿ ನಾನು ಕಲಿತದ್ದನ್ನೇ ಪ್ರತಿ ಭಾನುವಾರ ಹಬ್ಬುವಾಡದ ನನ್ನ ರೂಮಿನಲ್ಲಿ ಅವನಿಗೆ ಹೇಳಿಕೊಟ್ಟೆ.
ದೊಡ್ಡ ಗುರು ನಾನು!
"ಕೈ ಮೆತ್ತಗಾಗ್ಬೇಕು ಮಾರಾಯ, ದಿನಾ ತೆಂಗಿನೆಣ್ಣೆ ತಿಕ್ಕು" ಅಂದೆ.
ಪಾಪ, ರಜೆ ಮುಗಿಯುವವರೆಗೂ ತಿಕ್ಕಿದ.

ಅಂಕೋಲೆಯಲ್ಲಿ ಮಾಸ್ತರರ ಶಿಷ್ಯರ ಶೋ. ನನ್ನ ಟೈಮಿನಲ್ಲೇ ಐದು ನಿಮಿಷ ಅವನಿಗೆ ಕೊಟ್ಟೆ.
ಅಂಗೈಯಲ್ಲಿ ಎಲೆ ಅಡಗಿಸಿ ಕೈ ಖಾಲಿ ಎಂದು ತೋರಿಸಬೇಕು... ಅಷ್ಟೇ.
ಎಣ್ಣೆಗೈಯಿಂದ ಎಲೆ ಜಾರಿ ಸ್ಟೇಜ್ ಮೇಲೆ ಬಿತ್ತು.
"ಏ, ಬಂಗಡೆ ಮೀನು ಜಾರ್ತು ನೋಡ್ರೋ!" ಎಂದು ಯಾರೋ ಕೂಗಿದರು. ಹಾಲ್ ಪೂರ್ತಿ ನಗು.

ಪಾಂಡು...
ಅವತ್ತು ಬಸ್ಸಿನಲ್ಲಿ ನನಗೆ ಒಂದು ಮಾತೂ ಬಯ್ಯಲಿಲ್ಲವಲ್ಲೋ ಮಾರಾಯ.
ಎಣ್ಣೆ ತಿಕ್ಕು ಎಂದವನು ನಾನು... ಮರ್ಯಾದೆ ಹೋದದ್ದು ನಿನ್ನದು.
ನೀನು ಎಣ್ಣೆ ಬಿಟ್ಟೆ. ಬೋಟು ಹತ್ತಿದೆ. ಅಂಗೈ ಮತ್ತೆ ದಡ್ಡುಗಟ್ಟಿತು.
ಆ ದಡ್ಡಿನ ಅಂಚಿಗೇ ಎಲೆಯ ಮೂಲೆ ಸಿಕ್ಕಿಸುವುದನ್ನು ನೀನೇ ಕಂಡುಕೊಂಡೆ.
ಬೆರಳು ಸಡಿಲ ಬಿಟ್ಟು ನಿಂತರೂ ಎಲೆ ಬೀಳುತ್ತಿರಲಿಲ್ಲ!
ನನ್ನ ಕೈಗೆ ಅದು ಇವತ್ತಿಗೂ ಬಂದಿಲ್ಲ.

ಮರುವರ್ಷ ಅದೇ ಸ್ಟೇಜ್. ಅರ್ಧ ತೋಳಿನ ಅಂಗಿ ಹಾಕಿ ನೀನು ನಿಂತಿದ್ದೆ.
ಮುಂದೆಯೇ ಕೂತಿದ್ದ ಮಾಸ್ತರು "ಇನ್ನೊಂದ್ಸಲ ಮಾಡು" ಅಂದರು.
ಮಾಡಿದೆ.
"ನಿಧಾನ ಮಾಡು."
ನಿಧಾನವಾಗಿಯೇ ಮಾಡಿದೆ.
ಕೊನೆಗೆ ಅವರೇ ಮೇಲೆ ಹತ್ತಿ ಬಂದು ನಿನ್ನ ಕೈ ತಿರುಗಿಸಿ ನೋಡಿದರು. ಎಲೆ ಅಲ್ಲೇ ಇತ್ತು...
"ತಪ್ಪಾಯ್ತು ತಮಾ. ಕೈ ನೋಡೂಕೆ ನಂಗೇ ಬರ್ಲಿಲ್ಲ."
ಅಬ್ಬಾ, ಆ ಚಪ್ಪಾಳೆ!
"ಯಾರು ಕಲ್ಸಿದ್ರು ಇದ್ನ?"
ನೀನು ನನ್ನತ್ತ ಕೈ ತೋರಿಸಿದೆ. "ನಮ್ಮ ರಾಜು ಮಾಸ್ತರೇ. ಎಲ್ಲ ಅವ್ನೇ ಕಲ್ಸಿದ್ದು."
ಜನ ನನಗೂ ಚಪ್ಪಾಳೆ ಹೊಡೆದರು.
ನಾನು ನಾಚಿಕೆಯಿಲ್ಲದೆ ಎದ್ದು ಕೈ ಮುಗಿದೆ...

ಅವತ್ತಿನಿಂದ ಊರಿಗೆಲ್ಲ ನಾನು 'ಪಾಂಡುವಿನ ಗುರು'. ಈ ಗ್ರೂಪಿನಲ್ಲೂ ಎಷ್ಟು ಸಲ ಹಾಗೇ ಕೊಚ್ಚಿಕೊಂಡಿಲ್ಲ?

ಗೆಳೆಯರೇ, ಅದು ಸುಳ್ಳು.
ಆ ವಿದ್ಯೆ ಪೂರ್ತಿ ಅವನದೇ. ಯಾರೂ ಕಲಿಸಿದ್ದಲ್ಲ.
ಅವನಿರುವಾಗ ಹೇಳುವ ಧೈರ್ಯ ನನಗೆ ಬರಲಿಲ್ಲ...
ಇವತ್ತು ಅವನ ಮನೆಗೆ ಹೋಗುವ ಮೊದಲು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಹೋಗಿ ಬಾ ಪಾಂಡು...
ನಿನ್ನ ಆತ್ಮ ತಣ್ಣಗಿರಲಿ.